ಐದು ಚೀಟಿ, ಎರಡೇ ಕಿಡ್ನಿ

ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಹೆಸರು ಜಗತ್ತಿನ ವೈದ್ಯಕೀಯ ಪಠ್ಯಗಳನ್ನು ಹೊಕ್ಕಿದ್ದು 1957ರಲ್ಲಿ. ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದವು. ಸೌದೆಗೆ, ದರಗಿಗೆ ಹೋಗಿಬಂದವರು ಜ್ವರ ಹಿಡಿದು ಮಲಗಿದರು. ಪುಣೆಯ ವೈರಸ್ ಸಂಶೋಧನ ಕೇಂದ್ರದವರು ಬಂದು ವೈರಸ್ಸನ್ನು ಬೇರ್ಪಡಿಸಿದರು, ಅದನ್ನು ದಾಟಿಸುವುದು ಉಣುಗು ಎಂದು ತೋರಿಸಿದರು. ಒಂದು ಕಾಯಿಲೆ, ಒಂದು ಕಾರಣ, ಅದನ್ನು ಹೊತ್ತು ತರುವ ಒಂದು ಜೀವಿ. ಮಲೆನಾಡಿನ ಆರೋಗ್ಯ ಇಲಾಖೆ ಕಸುಬು ಕಲಿತದ್ದೇ ಈ ಲೆಕ್ಕದಲ್ಲಿ, ಮತ್ತು ಆ ಲೆಕ್ಕದಲ್ಲಿ ಅದು ಇವತ್ತಿಗೂ ಪಳಗಿದ ಕೈ: ಎಲ್ಲಿ ಮಂಗ ಸತ್ತಿತು, ಯಾರ ಮನೆಯಲ್ಲಿ ಜ್ವರ, ಯಾರ ರಕ್ತ ಶಿವಮೊಗ್ಗಕ್ಕೆ ಹೋಗಬೇಕು ಎಂಬುದು ಆಶಾ ಕಾರ್ಯಕರ್ತೆಗೆ ಬಾಯಿಪಾಠ. ಆದರೆ ಶಿಕಾರಿಪುರ, ಸೊರಬದ ತಾಲ್ಲೂಕು ಆಸ್ಪತ್ರೆಗಳ ಹೊರರೋಗಿ ಸಾಲಿನಲ್ಲಿ ಈಗ ನಿಂತಿರುವವರ ಕಥೆ ಬೇರೆ. ಶುಗರ್ ಇದೆ, ಬಿ.ಪಿ. ಇದೆ, ಮಂಡಿನೋವು ಇದೆ, ಗ್ಯಾಸ್ ಇದೆ, ಕೆಲವರಿಗೆ ದಮ್ಮು, ಕೆಲವರ ಹೃದಯದಲ್ಲಿ ಸ್ಟೆಂಟು. ಇವುಗಳಲ್ಲಿ ಯಾವುದೂ ನಿಗೂಢವಲ್ಲ, ಯಾವುದಕ್ಕೂ ಔಷಧ ಇಲ್ಲದಿಲ್ಲ. ಎಲ್ಲವೂ ಒಂದೇ ಮೈಯಲ್ಲಿ ಸೇರಿಕೊಂಡಿರುವುದೇ ತೊಡಕು. ಹಳೆಯ ಶತ್ರುವೂ ಈ ತೊಡಕಿನೊಳಗೆ ಹೊಸ ವೇಷದಲ್ಲಿ ಬರುತ್ತದೆ. ಮಂಗನಕಾಯಿಲೆಯಲ್ಲಿ ಪ್ಲೇಟ್‌ಲೆಟ್ ಇಳಿಯುತ್ತದೆ, ಕೆಲವರಲ್ಲಿ ರಕ್ತಸ್ರಾವವಾಗುತ್ತದೆ. ಸ್ಟೆಂಟ್ ಹಾಕಿಸಿಕೊಂಡವರು ನುಂಗುತ್ತಿರುವುದು ಪ್ಲೇಟ್‌ಲೆಟ್‌ಗಳ ಕೈಕಟ್ಟುವ ಆಸ್ಪಿರಿನ್ ಮತ್ತು ಕ್ಲೋಪಿಡೋಗ್ರೆಲ್. ಜ್ವರದಲ್ಲಿ ಅದನ್ನು ಮುಂದುವರಿಸಿದರೆ ರಕ್ತಸ್ರಾವದ ಭಯ, ಸ್ಟೆಂಟ್ ಹಾಕಿದ ಮೊದಲ ತಿಂಗಳುಗಳಲ್ಲಿ ನಿಲ್ಲಿಸಿದರೆ ಹೃದಯಾಘಾತದ ಭಯ. ಜ್ವರ ನೋಡುವ ವೈದ್ಯರಿಗೆ ಸ್ಟೆಂಟಿನ ಸಂಗತಿ ತಿಳಿದಿರಬೇಕು, ಸ್ಟೆಂಟ್ ಹಾಕಿದವರಿಗೆ ಜ್ವರದ ಸಂಗತಿ ಮುಟ್ಟಬೇಕು. ಅದನ್ನು ಮುಟ್ಟಿಸುವ ಹೊಣೆ ಯಾರದೆಂದು ಯಾವ ಕಡತದಲ್ಲೂ ಬರೆದಿಲ್ಲ.

2005ರಲ್ಲಿ ಅಮೆರಿಕದ ವೈದ್ಯೆ ಸಿಂಥಿಯಾ ಬಾಯ್ಡ್ ಮತ್ತು ಸಂಗಡಿಗರು ಒಂದು ಲೆಕ್ಕ ಹಾಕಿ ವೈದ್ಯಲೋಕವನ್ನು ಕೊಂಚ ಮುಜುಗರಕ್ಕೆ ಸಿಕ್ಕಿಸಿದರು. 79 ವರ್ಷದ ಒಬ್ಬಾಕೆಯನ್ನು ಕಲ್ಪಿಸಿಕೊಂಡು ಆಕೆಗೆ ಸಕ್ಕರೆ ಕಾಯಿಲೆ, ರಕ್ತದೊತ್ತಡ, ಸಂಧಿನೋವು, ಮೂಳೆ ಸವಕಳಿ, ಶ್ವಾಸಕೋಶದ ಹಳೆಯ ಕಾಯಿಲೆ ಐದನ್ನೂ ಕೊಟ್ಟರು. ಐದಕ್ಕೂ ಆಯಾ ತಜ್ಞರ ಸಂಘಗಳು ಹೊರಡಿಸಿದ್ದ ಮಾರ್ಗಸೂಚಿಗಳನ್ನು ಚಾಚೂ ತಪ್ಪದೆ ಪಾಲಿಸಿದರು. ಫಲ: 12 ಬಗೆಯ ಔಷಧ, ದಿನಕ್ಕೆ 19 ಡೋಸು. ಒಂದೊಂದು ಸಲಹೆಯೂ ಸರಿ, ಒಟ್ಟು ಮೊತ್ತ ಮಾತ್ರ ಬದುಕಲು ಬಿಡದಂಥದ್ದು. ಅಂಥ ಒಬ್ಬಾಕೆಯನ್ನು ನಾವೂ ಕಲ್ಪಿಸಿಕೊಳ್ಳಬಹುದು. ಆನವಟ್ಟಿ ಕಡೆಯ ಹಳ್ಳಿ, ವಯಸ್ಸು 64. ಬಿ.ಪಿ.ಗೆ ಸರ್ಕಾರಿ ಆಸ್ಪತ್ರೆಯ ಆಮ್ಲೋಡಿಪಿನ್. ಮಗ ಒಮ್ಮೆ ಶಿವಮೊಗ್ಗಕ್ಕೆ ಕರೆದೊಯ್ದಾಗ ಅಲ್ಲಿ ಬರೆದುಕೊಟ್ಟ ಟೆಲ್ಮಿಸಾರ್ಟಾನ್ ಮತ್ತು ಮೂತ್ರ ಹೆಚ್ಚಿಸುವ ಔಷಧ ಎರಡೂ ಸೇರಿದ ಒಂದು ಮಾತ್ರೆ. ಶುಗರ್‌ಗೆ ಗ್ಲಿಮೆಪಿರೈಡ್, ಮೆಟ್‌ಫಾರ್ಮಿನ್. ನಾಟಿ ಕಾಲದಲ್ಲಿ ಮಂಡಿ ಹಿಡಿದುಕೊಂಡಾಗ ಊರಿನ ಕ್ಲಿನಿಕ್ಕಿನ ಸೂಜಿ ಮತ್ತು ನೋವಿನ ಮಾತ್ರೆ. ಹೊಟ್ಟೆ ಉರಿಗೆ ಮೆಡಿಕಲ್ ಶಾಪಿನವರೇ ಕೊಟ್ಟ ಗ್ಯಾಸ್ ಮಾತ್ರೆ. ಜೊತೆಗೆ ಸಂತೆಯಲ್ಲಿ ಸಿಕ್ಕ ವಾತದ ಪುಡಿ. ಅದರಲ್ಲಿ ಏನಿದೆಯೋ ಮಾರಿದವನಿಗೂ ಗೊತ್ತಿರಲಾರದು. ಪುಡಿಯನ್ನೂ ಸೂಜಿಯನ್ನೂ ಬಿಟ್ಟು ಎಣಿಸಿದರೂ ಏಳು ಔಷಧ. ಏಳರಲ್ಲಿ ಜೋಡಿಗಳು 21, ಅಂದರೆ ಒಂದಕ್ಕೊಂದು ತಗುಲಿಕೊಳ್ಳಬಹುದಾದ 21 ಸಂಬಂಧಗಳು. ಇನ್ನೆರಡು ಸೇರಿದರೆ 36. ಔಷಧ ಒಂದೊಂದಾಗಿ ಏರುತ್ತದೆ, ಸಂಬಂಧಗಳು ಹಿಂಡುಹಿಂಡಾಗಿ ಏರುತ್ತವೆ.

ಇವುಗಳಲ್ಲಿ ಒಂದು ಸಂಬಂಧವನ್ನಾದರೂ ಹತ್ತಿರದಿಂದ ನೋಡಬೇಕು, ಏಕೆಂದರೆ ನಮ್ಮ ಹಳ್ಳಿಗಳಲ್ಲಿ ಅತಿ ಸುಲಭವಾಗಿ ಕೂಡಿಬರುವುದು ಅದೇ. ಕಿಡ್ನಿಯೊಂದರಲ್ಲಿ ಸುಮಾರು ಹತ್ತು ಲಕ್ಷ ಸೋಸುಕಗಳಿವೆ. ಪ್ರತಿಯೊಂದಕ್ಕೂ ರಕ್ತ ತರುವ ಒಂದು ನಾಳ, ಒಯ್ಯುವ ಒಂದು ನಾಳ. ಇವೆರಡರ ನಡುವೆ ಒಂದು ಮಟ್ಟದ ಒತ್ತಡ ಇದ್ದರೆ ಮಾತ್ರ ರಕ್ತ ಸೋಸುತ್ತದೆ. ಸೊರಬ ಸೀಮೆಯ ಕೆರೆಯೊಂದನ್ನು ನೆನೆಸಿಕೊಂಡರೆ ಇದು ಬೇಗ ತಿಳಿಯುತ್ತದೆ: ತೂಬಿನಿಂದ ಗದ್ದೆಗೆ ನೀರು ಹರಿಯಬೇಕಾದರೆ ಕೆರೆಯಲ್ಲಿ ತೂಬಿನ ಬಾಯಿ ಮುಳುಗುವಷ್ಟು ನೀರು ನಿಂತಿರಬೇಕು. ಮೂತ್ರ ಹೆಚ್ಚಿಸುವ ಮಾತ್ರೆ ಮೈಯ ನೀರನ್ನು ಇಳಿಸುತ್ತದೆ. ಅದು ಮಳೆ ಕಡಿಮೆಯಾದಂತೆ. ಟೆಲ್ಮಿಸಾರ್ಟಾನ್, ಎನಾಲಾಪ್ರಿಲ್ ಜಾತಿಯವು ರಕ್ತ ಒಯ್ಯುವ ನಾಳವನ್ನು ಸಡಿಲಿಸುತ್ತವೆ. ಅದು ಕೋಡಿಯನ್ನು ಒಂದು ಅಡಿ ತಗ್ಗಿಸಿದಂತೆ. ಇಷ್ಟಾದರೂ ಕೆರೆ ಹೇಗೋ ಸಂಭಾಳಿಸಿಕೊಳ್ಳುತ್ತದೆ, ಏಕೆಂದರೆ ಮೈ ತಾನೇ ತಯಾರಿಸುವ ಪ್ರೋಸ್ಟಗ್ಲ್ಯಾಂಡಿನ್ ಎಂಬ ರಾಸಾಯನಿಕ ರಕ್ತ ತರುವ ನಾಳವನ್ನು ಅಗಲಗೊಳಿಸಿ ಒಳಹರಿವನ್ನು ಕಾಪಾಡುತ್ತದೆ. ಡೈಕ್ಲೋಫಿನಾಕ್, ಅಸಿಕ್ಲೋಫಿನಾಕ್, ಐಬುಪ್ರೊಫೆನ್ ನೋವು ಕಳೆಯುವುದೇ ಈ ಪ್ರೋಸ್ಟಗ್ಲ್ಯಾಂಡಿನ್ನನ್ನು ತಡೆದು. ಅಲ್ಲಿಗೆ ಕೆರೆಗೆ ನೀರು ತರುವ ಹಳ್ಳದ ಕಾಲುವೆಯೂ ಕಟ್ಟಿತು. ಬ್ರಿಟನ್ನಿನಲ್ಲಿ ಬಿ.ಪಿ. ಔಷಧ ತೆಗೆದುಕೊಳ್ಳುತ್ತಿದ್ದ ಸುಮಾರು 4,87,000 ಜನರ ದಾಖಲೆಗಳನ್ನು ಕೆನಡಾದ ಸಂಶೋಧಕರು ಜಾಲಾಡಿ 2013ರಲ್ಲಿ ಪ್ರಕಟಿಸಿದ ಲೆಕ್ಕ ಹೀಗಿದೆ. ಬಿ.ಪಿ.ಯ ಔಷಧ ಒಂದರ ಜೊತೆ ನೋವಿನ ಮಾತ್ರೆ ಸೇರಿದಾಗ ಕಿಡ್ನಿಗೆ ಹಠಾತ್ ಪೆಟ್ಟು ಬೀಳುವ ಅಪಾಯ ಹೆಚ್ಚಿದ್ದು ಕಾಣಲಿಲ್ಲ. ಮೂತ್ರ ಹೆಚ್ಚಿಸುವ ಮಾತ್ರೆ, ಟೆಲ್ಮಿಸಾರ್ಟಾನ್ ಜಾತಿಯದು, ನೋವಿನ ಮಾತ್ರೆ ಮೂರೂ ಕೂಡಿದಾಗ ಅಪಾಯ ಶೇ 31ರಷ್ಟು ಏರಿತು. ಮೊದಲ 30 ದಿನಗಳಲ್ಲಂತೂ ಶೇ 82ರಷ್ಟು. ನಮ್ಮ ಆನವಟ್ಟಿಯ ಹೆಂಗಸಿಗೆ ಮೂರೂ ಕೂಡಿವೆ, ಮೂರೂ ಒಂದೇ ಕಡೆಯಿಂದ ಬಂದವಲ್ಲ. ಬೇಸಿಗೆಯಲ್ಲಿ ಎರಡು ದಿನ ವಾಂತಿಭೇದಿಯಾದರೆ ಸಾಕು, ಮಿಕ್ಕದ್ದನ್ನು ಅದು ಮುಗಿಸುತ್ತದೆ.

ಇನ್ನೊಂದು ಬಗೆಯ ತೊಡಕು ಇಷ್ಟು ಅಪಾಯದ್ದಲ್ಲ, ಆದರೆ ಇನ್ನಷ್ಟು ವ್ಯಾಪಕ. ಆಮ್ಲೋಡಿಪಿನ್ ಕೆಲವರ ಕಾಲು ಊದಿಸುತ್ತದೆ. ಊತ ಕಂಡ ಇನ್ನೊಬ್ಬ ವೈದ್ಯರು ನೀರಿಳಿಸುವ ಮಾತ್ರೆ ಬರೆಯುತ್ತಾರೆ. ಅದರಿಂದ ಯೂರಿಕ್ ಆಮ್ಲ ಏರಿ ಹೆಬ್ಬೆರಳು ಉರಿಯುತ್ತದೆ, ಅದಕ್ಕೆ ನೋವಿನ ಮಾತ್ರೆ. ಆ ಮಾತ್ರೆ ಬಿ.ಪಿ.ಯನ್ನೇ ಏರಿಸುತ್ತದೆ, ಆಗ ಬಿ.ಪಿ. ಮಾತ್ರೆಯ ಡೋಸು ಹೆಚ್ಚಾಗುತ್ತದೆ. ಔಷಧದ ಅಡ್ಡಪರಿಣಾಮವನ್ನೇ ಹೊಸ ಕಾಯಿಲೆ ಎಂದುಕೊಂಡು ಅದಕ್ಕೊಂದು ಔಷಧ ಕೊಡುವ ಈ ಸರಪಳಿಯನ್ನು ವೈದ್ಯಕೀಯ ಸಾಹಿತ್ಯ 1990ರ ದಶಕದಿಂದಲೇ ಬಣ್ಣಿಸುತ್ತ ಬಂದಿದೆ. ಸಕ್ಕರೆ ಮಾತ್ರೆಯದು ಬೇರೆಯೇ ದಾರಿ. ಗ್ಲಿಮೆಪಿರೈಡ್, ಗ್ಲಿಬೆನ್‌ಕ್ಲಮೈಡ್‌ಗಳು ಊಟ ಮಾಡಿದರೂ ಮಾಡದಿದ್ದರೂ ಇನ್ಸುಲಿನ್ ಸುರಿಸುತ್ತವೆ. ಏಕಾದಶಿಯ ಉಪವಾಸಕ್ಕಾಗಲಿ ಶಿರಾಳಕೊಪ್ಪದ ರಂಜಾನ್ ರೋಜಾಕ್ಕಾಗಲಿ ಡೋಸು ಹೊಂದಿಸಿಕೊಡದಿದ್ದರೆ ಸಂಜೆಯ ಹೊತ್ತಿಗೆ ಬೆವರು, ನಡುಕ, ಕಣ್ಣುಕತ್ತಲೆ. ಕಿಡ್ನಿ ಸೋತಿದ್ದರೆ ಔಷಧ ಮೈಯಲ್ಲಿ ಹೆಚ್ಚು ಕಾಲ ಉಳಿದು ಇನ್ನೂ ಕೆಡುಕು. ಇವೆಲ್ಲದರ ಮೇಲೆ ಮಾತ್ರೆಯ ಗುರುತೇ ಸಿಗದ ಕಷ್ಟ ಬೇರೆ. ಅಂಗಡಿಯಲ್ಲಿ ಹತ್ತು ಮಾತ್ರೆಯ ಪಟ್ಟಿಯನ್ನು ಕತ್ತರಿಯಿಂದ ಅರ್ಧಕ್ಕೆ ಕತ್ತರಿಸಿ ಐದು ಕೊಟ್ಟರೆ ಹೆಸರು ಒಂದು ತುಂಡಿನಲ್ಲಿ, ಅವಧಿ ಮುಗಿಯುವ ತಾರೀಕು ಇನ್ನೊಂದರಲ್ಲಿ. ಮನೆಯ ಪ್ಲಾಸ್ಟಿಕ್ ಡಬ್ಬಿಯಲ್ಲಿ ಹೆಸರಿಲ್ಲದ ಆ ತುಂಡು ‘ಕೆಂಪು ಮಾತ್ರೆ’ ಆಗಿಬಿಡುತ್ತದೆ. ಕಂಪನಿ ಬದಲಾದರೆ ಕೆಂಪು ಬಿಳಿಯಾಗುತ್ತದೆ, ಹಳೆಯ ಕೆಂಪೂ ಹೊಸ ಬಿಳಿಯೂ ಒಂದೇ ಔಷಧವೆಂದು ಅರಿಯದೆ ಎರಡನ್ನೂ ನುಂಗುವುದು ನಡೆದೇ ಇರುತ್ತದೆ. ಹೆಸರಿನ ಮುಂದೆ ‘ಎಚ್’, ‘ಎಂ’, ‘ಎಸ್‌ಪಿ’, ‘ಫೋರ್ಟೆ’ ಎಂಬ ಬಾಲಗಳಿರುವ ಜೋಡಿ ಮಾತ್ರೆಗಳಲ್ಲಿ ಒಳಗೆ ಎಷ್ಟು ಔಷಧವಿದೆ ಎಂಬುದು ಓದುಬರಹ ಬಲ್ಲವರಿಗೂ ತಟ್ಟನೆ ಹೊಳೆಯುವುದಿಲ್ಲ. ಕೇಂದ್ರ ಸರ್ಕಾರ 2016ರಲ್ಲಿ ಇಂಥ 344 ಬೆರಕೆಗಳನ್ನು ಒಂದೇಟಿಗೆ ನಿಷೇಧಿಸಲು ಹೊರಟದ್ದು ಸುಮ್ಮನಲ್ಲ.

ಹಾಗಾದರೆ ತಪ್ಪು ಯಾರದು? ನನ್ನ ಅಭಿಪ್ರಾಯದಲ್ಲಿ ಈ ಪ್ರಶ್ನೆಯೇ ದಾರಿ ತಪ್ಪಿಸುವಂಥದ್ದು. ಶಿವಮೊಗ್ಗದ ಹೃದ್ರೋಗ ತಜ್ಞರು ಹೃದಯಕ್ಕೆ ಸರಿಯಾದದ್ದನ್ನು ಬರೆದಿದ್ದಾರೆ, ಊರಿನ ವೈದ್ಯರು ನೋವಿಗೆ ಸರಿಯಾದದ್ದನ್ನು ಕೊಟ್ಟಿದ್ದಾರೆ, ಪ್ರಾಥಮಿಕ ಆರೋಗ್ಯ ಕೇಂದ್ರ ತನ್ನ ಪಾಲಿನ ಮಾತ್ರೆಯನ್ನು ತಿಂಗಳು ತಿಂಗಳು ತಪ್ಪದೆ ಕೊಡುತ್ತಿದೆ. ಶಿಕಾರಿಪುರದಿಂದ ಶಿವಮೊಗ್ಗಕ್ಕೆ ಐವತ್ತು ಕಿಲೋಮೀಟರಿನ ಮೇಲೆ. ಸೊರಬದವರಿಗೆ ಅದಕ್ಕಿಂತ ದೂರ, ಹಾಗಾಗಿ ಅವರು ಸಾಗರಕ್ಕೋ ಶಿರಸಿಗೋ, ದೊಡ್ಡ ಕಾಯಿಲೆಯಾದರೆ ಹುಬ್ಬಳ್ಳಿಗೋ ಮಣಿಪಾಲಕ್ಕೋ ಹೋಗುತ್ತಾರೆ. ಎಲ್ಲ ಕಡೆಯ ಚೀಟಿಗಳೂ ಒಂದೇ ಬಟ್ಟೆಯಂಗಡಿಯ ಕೈಚೀಲದಲ್ಲಿ ಸೇರುತ್ತವೆ, ಆದರೆ ಚೀಲವನ್ನು ಬುಡಮಟ್ಟ ಸುರಿದು ನೋಡುವವರಿಲ್ಲ. ಬಳ್ಳಿಗಾವೆಯ ಕೋಡಿಮಠದಲ್ಲಿ ಅನಾಥ ರೋಗಿಗಳಿಗೆ ಅನ್ನವೂ ಔಷಧವೂ ಒಂದೇ ಸೂರಿನಡಿ ಸಿಗುತ್ತಿತ್ತೆಂದು 1162ರ ಶಾಸನ ಹೇಳುತ್ತದೆ. ಅದನ್ನು ಹಾಡಿಹೊಗಳಿ ಕಾಲವನ್ನು ಹಿಂದಕ್ಕೆ ತಿರುಗಿಸಬೇಕಿಲ್ಲ, ಅಂದಿನ ಔಷಧಗಳಿಂದ ಇಂದಿನ ಹೃದಯ ಬದುಕುತ್ತಿರಲಿಲ್ಲ. ನಾನು ವಾದಿಸಹೊರಟಿರುವುದು ಇಷ್ಟೇ: ಐದಕ್ಕಿಂತ ಹೆಚ್ಚು ಔಷಧ ನುಂಗುವ ಪ್ರತಿಯೊಬ್ಬರ ಪೂರ್ತಿ ಪಟ್ಟಿಗೂ ಮನೆಗೆ ಹತ್ತಿರದಲ್ಲೇ ಒಬ್ಬ ಹೊಣೆಗಾರ ಇರಬೇಕು. ಆ ಹೊಣೆ ದೂರದ ತಜ್ಞರದಾಗಬಾರದು. ಅದು ಉಪಕೇಂದ್ರದ ಸಮುದಾಯ ಆರೋಗ್ಯ ಅಧಿಕಾರಿಯದು, ಅವರ ಬೆನ್ನಿಗೆ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರು.

ಇದಕ್ಕೆ ಎದುರಾಗುವ ಅತಿ ಗಟ್ಟಿಯಾದ ಆಕ್ಷೇಪವನ್ನೇ ಮೊದಲು ಎತ್ತಿಕೊಳ್ಳುತ್ತೇನೆ. ಔಷಧ ಹೆಚ್ಚಾಯಿತೆಂಬುದು ಸಾಹುಕಾರ ದೇಶಗಳ ತಲೆನೋವು, ನಮ್ಮ ಹಳ್ಳಿಗರಿಗೆ ಔಷಧವೇ ಸಿಗುತ್ತಿಲ್ಲ ಎನ್ನುವವರಿದ್ದಾರೆ. ಅವರ ಮಾತಿನಲ್ಲಿ ಹುರುಳಿದೆ. ಐಸಿಎಂಆರ್ ನಡೆಸಿದ ಸಮೀಕ್ಷೆಯ ಪ್ರಕಾರ ದೇಶದಲ್ಲಿ 10 ಕೋಟಿಗೂ ಹೆಚ್ಚು ಜನರಿಗೆ ಸಕ್ಕರೆ ಕಾಯಿಲೆ, 31 ಕೋಟಿಗೂ ಹೆಚ್ಚು ಜನರಿಗೆ ರಕ್ತದೊತ್ತಡ. 2023ರಲ್ಲಿ ಪ್ರಕಟವಾದ ಲೆಕ್ಕ ಇದು. ಇವರಲ್ಲಿ ಬಹಳ ಜನಕ್ಕೆ ತಮಗೆ ಕಾಯಿಲೆ ಇರುವುದೇ ತಿಳಿದಿಲ್ಲ. ಮನೆಮನೆಗೆ ಹೋಗಿ ತಪಾಸಣೆ ನಡೆಸಿ ಔಷಧ ತಲುಪಿಸುವ ‘ಗೃಹ ಆರೋಗ್ಯ’ ಯೋಜನೆಯನ್ನು ರಾಜ್ಯ ಸರ್ಕಾರ 2024ರಲ್ಲಿ ಕೋಲಾರದಿಂದ ಆರಂಭಿಸಿದ್ದು ಈ ಕೊರತೆಯನ್ನು ಕಂಡೇ. ಆದರೆ ಕೊರತೆ ಮತ್ತು ಹೆಚ್ಚಳ ಬೇರೆ ಬೇರೆ ಊರುಗಳಲ್ಲಿ ವಾಸಿಸುವುದಿಲ್ಲ, ಒಂದೇ ಮೈಯಲ್ಲಿ ಜೊತೆಯಾಗಿರುತ್ತವೆ. ನೋವಿನ ಮಾತ್ರೆ ಬೇಕಾದದ್ದಕ್ಕಿಂತ ಹೆಚ್ಚು, ಕೊಲೆಸ್ಟರಾಲ್ ಮಾತ್ರೆ ಇರಬೇಕಾದಲ್ಲಿ ಇಲ್ಲ. ಗ್ಯಾಸ್ ಮಾತ್ರೆಗೆ ಕೊನೆಯೇ ಇಲ್ಲ, ಕಿಡ್ನಿಯ ಸ್ಥಿತಿ ತಿಳಿಸುವ ಕ್ರಿಯಾಟಿನಿನ್ ಪರೀಕ್ಷೆ ಒಮ್ಮೆಯೂ ಆಗಿಲ್ಲ. ಪೂರ್ತಿ ಪಟ್ಟಿ ಕಣ್ಣಮುಂದೆ ಇದ್ದವರಿಗೆ ಮಾತ್ರ ಎರಡೂ ಕಾಣುತ್ತವೆ. ತಪಾಸಣೆ ಹೆಚ್ಚಿದಷ್ಟೂ ಮಾತ್ರೆ ನುಂಗುವವರೂ ಹೆಚ್ಚುತ್ತಾರೆ, ಹಾಗಾಗಿ ಈ ಕೆಲಸವನ್ನು ತಪಾಸಣೆಯ ನಂತರಕ್ಕೆಂದು ಮುಂದೂಡುವಂತಿಲ್ಲ. ಹಲವು ಕಾಯಿಲೆಗಳು ಒಂದೇ ಮೈಗೆ ಬರುವುದು ಉಳ್ಳವರಿಗೆ ಮಾತ್ರ ಎಂಬ ಭಾವನೆಯನ್ನು ಸ್ಕಾಟ್ಲೆಂಡಿನ ಅಧ್ಯಯನವೊಂದು 2012ರಲ್ಲೇ ಕೆಡವಿತ್ತು. ಸುಮಾರು 17.5 ಲಕ್ಷ ಜನರ ದಾಖಲೆಗಳಲ್ಲಿ, ತೀರಾ ಬಡ ಬಡಾವಣೆಗಳವರಿಗೆ ಹಲವು ಕಾಯಿಲೆಗಳು ಕೂಡಿಬರುವುದು ಶ್ರೀಮಂತ ಬಡಾವಣೆಗಳವರಿಗಿಂತ 10ರಿಂದ 15 ವರ್ಷ ಮೊದಲೇ ಎಂದು ಅದು ತೋರಿಸಿತು.

ಎರಡನೆಯ ಆಕ್ಷೇಪ ವಿಜ್ಞಾನಿಗಳದೇ. ಇಂಥ ಏರ್ಪಾಡಿನಿಂದ ಪ್ರಯೋಜನವಾಗುತ್ತದೆಂಬುದಕ್ಕೆ ಪುರಾವೆ ಎಲ್ಲಿದೆ? ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡಿನ 33 ಕ್ಲಿನಿಕ್ಕುಗಳಲ್ಲಿ, ಮೂರು ಅಥವಾ ಹೆಚ್ಚು ದೀರ್ಘ ಕಾಯಿಲೆಗಳಿದ್ದ 1,546 ಜನರ ಮೇಲೆ ನಡೆದ ದೊಡ್ಡ ಪ್ರಯೋಗದ ಫಲ 2018ರಲ್ಲಿ ಬಂತು. ಕಾಯಿಲೆಗೊಂದು ಭೇಟಿಯ ಬದಲು ಆರು ತಿಂಗಳಿಗೊಮ್ಮೆ ಎಲ್ಲವನ್ನೂ ಒಟ್ಟಿಗೆ ನೋಡುವ ಪದ್ಧತಿ ಅದು; ದಾದಿ, ವೈದ್ಯ, ಔಷಧತಜ್ಞ ಮೂವರೂ ಅದರಲ್ಲಿದ್ದರು. ರೋಗಿಗಳು ತಮ್ಮ ಮಾತಿಗೆ ಕಿವಿಗೊಟ್ಟರೆಂದು ಸಂತೋಷಪಟ್ಟರು, ಆದರೆ ಜೀವನದ ಗುಣಮಟ್ಟದ ಅಂಕ ಒಂದಿಷ್ಟೂ ಏರಲಿಲ್ಲ. ಈ ಸೋಲನ್ನು ಮುಚ್ಚಿಡಬಾರದು. ಪಟ್ಟಿಗೆ ಹೊಣೆಗಾರ ಸಿಕ್ಕೊಡನೆ ಆಯಸ್ಸು ಹೆಚ್ಚುತ್ತದೆ, ಮಂಡಿನೋವು ಹೋಗುತ್ತದೆ ಎಂದು ಮಾತು ಕೊಡುವವರಿಂದ ದೂರವಿರಬೇಕು. ಆದರೂ ಆ ಪ್ರಯೋಗ ನಡೆದ ನಾಡಿನಲ್ಲಿ ಪ್ರತಿಯೊಬ್ಬರಿಗೂ ಮೊದಲೇ ಒಂದು ಕ್ಲಿನಿಕ್ ಗೊತ್ತಾಗಿದೆ, ಪೂರ್ತಿ ದಾಖಲೆ ಅಲ್ಲೇ ಇದೆ. ಅಲ್ಲಿ ಹೋಲಿಸಿದ್ದು ಒಳ್ಳೆಯ ವ್ಯವಸ್ಥೆಯನ್ನು ಇನ್ನೊಂದಿಷ್ಟು ಒಳ್ಳೆಯದರೊಂದಿಗೆ. ಸೊರಬದಲ್ಲಿ ಹೋಲಿಕೆ ಆಗಬೇಕಿರುವುದು ಏನೂ ಇಲ್ಲದ್ದರೊಂದಿಗೆ. ಗುರಿಯನ್ನು ಕಿರಿದಾಗಿಸಿಕೊಂಡರೆ ಪುರಾವೆಯೂ ಗಟ್ಟಿಯಾಗುತ್ತದೆ. ಸ್ಕಾಟ್ಲೆಂಡಿನದೇ 33 ಕ್ಲಿನಿಕ್ಕುಗಳಲ್ಲಿ ಎರಡೇ ಬಗೆಯ ಔಷಧಗಳ ಮೇಲೆ, ಅಂದರೆ ನೋವಿನ ಮಾತ್ರೆ ಮತ್ತು ಆಸ್ಪಿರಿನ್ ಜಾತಿಯವುಗಳ ಮೇಲೆ, ಕಣ್ಣಿಟ್ಟು ನಡೆದ ಇನ್ನೊಂದು ಪ್ರಯೋಗ 2016ರಲ್ಲಿ ವರದಿಯಾಯಿತು. ವೈದ್ಯರಿಗೆ ತರಬೇತಿ, ಅಪಾಯದಲ್ಲಿರುವವರ ಪಟ್ಟಿ ತೆಗೆದುಕೊಡುವ ತಂತ್ರಾಂಶ, ಆ ಪಟ್ಟಿಯನ್ನು ಪರಿಶೀಲಿಸಿದ್ದಕ್ಕೆ ಒಂದಿಷ್ಟು ಹಣ, ಇಷ್ಟೇ. ಅಪಾಯಕಾರಿಯಾಗಿ ಔಷಧ ಬರೆದುಕೊಡುವುದು ಶೇ 3.7ರಿಂದ 2.2ಕ್ಕೆ ಇಳಿಯಿತು, ಹೊಟ್ಟೆಯ ಹುಣ್ಣು, ರಕ್ತಸ್ರಾವಗಳಿಂದ ಆಸ್ಪತ್ರೆ ಸೇರುವವರೂ ಕಡಿಮೆಯಾದರು. ಎಲ್ಲವನ್ನೂ ಸರಿಪಡಿಸುತ್ತೇವೆಂದವರು ಸೋತರು, ಕೆಲವೇ ಅಪಾಯಗಳನ್ನು ಹುಡುಕುತ್ತೇವೆಂದವರು ಗೆದ್ದರು. ನಮ್ಮ ತಾಲ್ಲೂಕುಗಳು ಎರಡನೆಯವರನ್ನು ಹಿಂಬಾಲಿಸಲಿ.

ಕಂಪ್ಯೂಟರು ಇದನ್ನೆಲ್ಲ ಮಾಡಲಿದೆ, ಆಭಾ ಎಂಬ ಆರೋಗ್ಯ ಗುರುತಿನ ಸಂಖ್ಯೆಯಡಿ ಎಲ್ಲ ದಾಖಲೆಗಳೂ ಒಂದೆಡೆ ಬರಲಿವೆ, ಅಲ್ಲಿಯವರೆಗೆ ಕಾಯಬಹುದು ಎಂಬ ಮಾತೂ ಕೇಳಿಬರುತ್ತದೆ. ದಾಖಲೆ ಒಂದೆಡೆ ಬರುವುದು ಒಳ್ಳೆಯದೇ. ಆದರೆ ಕರ್ನಾಟಕ ಮತ್ತು ಹರಿಯಾಣದ 40 ಸಮುದಾಯ ಆರೋಗ್ಯ ಕೇಂದ್ರಗಳಲ್ಲಿ ಸುಮಾರು 3,700 ಜನರ ಮೇಲೆ ನಡೆದ ‘ಎಂ-ವೆಲ್‌ಕೇರ್’ ಪ್ರಯೋಗದಿಂದ ಕಲಿಯಬೇಕಾದದ್ದಿದೆ. ಅರ್ಧ ಕೇಂದ್ರಗಳಲ್ಲಿ ದಾದಿಯ ಕೈಗೆ ಟ್ಯಾಬ್ಲೆಟ್ ಕೊಟ್ಟು, ಅದರಲ್ಲಿ ಬಿ.ಪಿ., ಶುಗರ್ ಮಾತ್ರವಲ್ಲದೆ ಖಿನ್ನತೆ, ಕುಡಿತ, ತಂಬಾಕನ್ನೂ ಸೇರಿಸಿ ಸಲಹೆ ಹೊರಡಿಸುವ ತಂತ್ರಾಂಶ ಅಳವಡಿಸಿದ್ದರು. ಉಳಿದ ಕೇಂದ್ರಗಳಿಗೆ ಸಿಕ್ಕಿದ್ದು ತರಬೇತಿ ಮತ್ತು ಗೋಡೆಗೆ ಅಂಟಿಸುವ ಪಟ. ವರ್ಷದ ಕೊನೆಗೆ ಎರಡೂ ಗುಂಪುಗಳಲ್ಲಿ ಬಿ.ಪಿ., ಶುಗರ್ ಇಳಿದಿದ್ದವು, ಟ್ಯಾಬ್ಲೆಟ್ಟಿನಿಂದ ಹೆಚ್ಚಿನ ಲಾಭವೇನೂ ಆಗಿರಲಿಲ್ಲ. ಏನನ್ನೂ ಮಾಡದ ಮೂರನೆಯ ಗುಂಪು ಇರಲಿಲ್ಲವಾದ್ದರಿಂದ ಇಳಿಕೆಗೆಲ್ಲ ತರಬೇತಿಯೇ ಕಾರಣ ಎನ್ನಲಾಗದು. ಯಂತ್ರ ತಾನಾಗಿ ಏನನ್ನೂ ಕೂಡಿಸಲಿಲ್ಲ ಎನ್ನಲು ಮಾತ್ರ ಅಡ್ಡಿಯಿಲ್ಲ. ಕಾಗದಕ್ಕೆ ಇರುವ ಬಲ ನಮಗೆ ಹೊಸದಲ್ಲ. ತಾಯಿ ಕಾರ್ಡ್ ತವರಿಗೂ ಗಂಡನ ಮನೆಗೂ ಓಡಾಡುತ್ತದೆ, ಸರ್ಕಾರಿ ವೈದ್ಯರೂ ಖಾಸಗಿಯವರೂ ಅದರಲ್ಲಿ ಬರೆಯುತ್ತಾರೆ, ಬಸುರಿ ಅದಿಲ್ಲದೆ ಮನೆ ಬಿಡುವುದಿಲ್ಲ. ಶುಗರ್, ಬಿ.ಪಿ.ಯಂಥ ದೀರ್ಘ ಕಾಯಿಲೆಗಳನ್ನು ನೋಡುವ ಎನ್‌ಸಿಡಿ ಕ್ಲಿನಿಕ್ಕಿನ ಪುಸ್ತಕವೂ ಇದೆ, ಆದರೆ ಅದರಲ್ಲಿರುವುದು ಆ ಕ್ಲಿನಿಕ್ಕು ಕೊಟ್ಟ ಮಾತ್ರೆ ಮತ್ತು ಆ ದಿನದ ಬಿ.ಪಿ. ಬೇರೆ ಕಡೆಯ ಮಾತ್ರೆ, ಸೂಜಿ, ಪುಡಿ, ನಾಟಿ ಔಷಧಕ್ಕೆ ಅದರಲ್ಲಿ ಜಾಗವಿಲ್ಲ. ಬೇಕಿರುವ ಸಾಲು ಅದು. ಅದರ ಪಕ್ಕದಲ್ಲಿ ಇನ್ನೊಂದು: ಯಾವ ಮಾತ್ರೆಯನ್ನು ಯಾರು, ಏಕೆ ನಿಲ್ಲಿಸಿದರು. ಆ ಕಾರಣ ಬರೆದಿಡದಿದ್ದರೆ ನಿಲ್ಲಿಸಿದ ಮಾತ್ರೆ ಮುಂದಿನ ತಿಂಗಳು ಇನ್ನೊಂದು ಬಾಗಿಲಿನಿಂದ ಒಳಬರುತ್ತದೆ.

ಉಪಕೇಂದ್ರದ ಅಧಿಕಾರಿಯೊಬ್ಬರು ತಜ್ಞರ ಚೀಟಿಯ ಮೇಲೆ ಕೈಯಾಡಿಸುವುದೇ ಎಂದು ವೈದ್ಯರು ಹುಬ್ಬೇರಿಸಿಯಾರು. ಕೈಯಾಡಿಸಬೇಕಿಲ್ಲ. ಭಾರತ ಮತ್ತು ಪಾಕಿಸ್ತಾನದ 10 ಕ್ಲಿನಿಕ್ಕುಗಳಲ್ಲಿ 1,146 ಸಕ್ಕರೆ ರೋಗಿಗಳ ಮೇಲೆ ನಡೆದು 2016ರಲ್ಲಿ ವರದಿಯಾದ ಪ್ರಯೋಗದಲ್ಲಿ, ವೈದ್ಯರಲ್ಲದ ಸಂಯೋಜಕರು ರೋಗಿಯ ಬೆನ್ನುಹತ್ತಿ ವೈದ್ಯರಿಗೆ ನೆನಪಿಸುತ್ತಿದ್ದರು. ಔಷಧ ಬದಲಿಸುವ ತೀರ್ಮಾನ ವೈದ್ಯರದೇ ಆಗಿತ್ತು. ಶುಗರ್ ಜೊತೆಗೆ ಬಿ.ಪಿ. ಅಥವಾ ಕೊಲೆಸ್ಟರಾಲ್ ಗುರಿಯನ್ನೂ ಮುಟ್ಟಿದವರು ಆ ಗುಂಪಿನಲ್ಲಿ ಶೇ 18, ಇನ್ನೊಂದರಲ್ಲಿ ಶೇ 8. ಅವು ಸಕ್ಕರೆ ಕಾಯಿಲೆಗೆಂದೇ ಇದ್ದ ಕ್ಲಿನಿಕ್ಕುಗಳು, ಹಳ್ಳಿಯ ಉಪಕೇಂದ್ರಗಳಲ್ಲ ಎಂಬುದನ್ನು ಮರೆಯದೆ ಹೇಳಿದರೂ ದಿಕ್ಕು ಸ್ಪಷ್ಟ. ಉಪಕೇಂದ್ರದವರು ಹುಡುಕಬೇಕಾದದ್ದು ಕೆಲವೇ: ಕಿಡ್ನಿಗೆ ಪೆಟ್ಟು ಕೊಡುವ ಆ ಮೂರು ಔಷಧಗಳ ಗಂಟು, ಒಂದೇ ಔಷಧ ಎರಡು ಹೆಸರಿನಲ್ಲಿ, ವಯಸ್ಸಾದವರಲ್ಲಿ ಕಣ್ಣುಕತ್ತಲೆ ತರುವ ಸಕ್ಕರೆ ಮಾತ್ರೆ, ಆಸ್ಪಿರಿನ್ ಜೊತೆ ನೋವಿನ ಮಾತ್ರೆ. ಕಂಡದ್ದನ್ನು ಪ್ರಾಥಮಿಕ ಕೇಂದ್ರದ ವೈದ್ಯರಿಗೆ ತಿಳಿಸಬೇಕು. ತಜ್ಞರು ಬರೆದದ್ದನ್ನು ತಿದ್ದಲು ಆ ವೈದ್ಯರು ಹಿಂಜರಿಯುತ್ತಾರೆಂಬುದು ನಿಜವಾದ ಅಡ್ಡಿ. ಇ-ಸಂಜೀವಿನಿಯಂಥ ದೂರಸಮಾಲೋಚನೆ ಇಲ್ಲಿ ಉಪಯೋಗಕ್ಕೆ ಬರಬೇಕು, ರೋಗಿಯನ್ನು ತೋರಿಸುವುದಕ್ಕಷ್ಟೇ ಅಲ್ಲ, ‘ಇದನ್ನು ನಿಲ್ಲಿಸಬಹುದೇ’ ಎಂದು ಒಬ್ಬ ವೈದ್ಯರು ಇನ್ನೊಬ್ಬರನ್ನು ಕೇಳುವುದಕ್ಕೆ. ಓದುಗರು ಮಾತ್ರ ಈ ಅಧ್ಯಾಯ ಓದಿ ತಾವಾಗಿ ಯಾವ ಮಾತ್ರೆಯನ್ನೂ ಬಿಡಕೂಡದು. ಕೆಲವನ್ನು ಥಟ್ಟನೆ ಬಿಟ್ಟರೆ ಸೇವಿಸಿದ್ದಕ್ಕಿಂತ ಹೆಚ್ಚಿನ ಅಪಾಯ.

ಜನ ನಾಟಿ ಔಷಧವನ್ನೂ ಖಾಸಗಿ ಸೂಜಿಯನ್ನೂ ಮುಚ್ಚಿಡುತ್ತಾರಲ್ಲ ಎನ್ನಬಹುದು. ಬೈಯುವವರ ಮುಂದೆ ಯಾರಾದರೂ ಮುಚ್ಚಿಡುತ್ತಾರೆ. ‘ಬೇರೆ ಏನಾದರೂ ತಗೋತೀರಾ’ ಎಂದು ಕೇಳಿದರೆ ಇಲ್ಲ ಎಂಬ ಉತ್ತರ ಸಿದ್ಧವಿರುತ್ತದೆ. ‘ನೋವು ಜಾಸ್ತಿಯಾದಾಗ ಏನು ಮಾಡ್ತೀರಿ’ ಎಂದರೆ ಮಾತು ಬಿಚ್ಚಿಕೊಳ್ಳುತ್ತದೆ. ಮನೆಗೇ ಹೋದರೆ ಡಬ್ಬಿಯೇ ಹೇಳುತ್ತದೆ. ನೋವಿನ ಮಾತ್ರೆ ಬೇಡವೆಂದವರು ನೋವಿಗೆ ಬೇರೆ ದಾರಿಯನ್ನೂ ತೋರಿಸಬೇಕು: ಪ್ಯಾರಸಿಟಮಾಲ್, ಮಂಡಿಗೆ ಬಲ ತರುವ ವ್ಯಾಯಾಮ, ಹಚ್ಚುವ ಮುಲಾಮು. ಬಗ್ಗಿ ನಾಟಿ ಮಾಡುವ ಹೆಂಗಸಿಗೆ ‘ಕೆಲಸ ಬಿಡಿ’ ಎನ್ನುವುದು ಸಲಹೆಯಲ್ಲ.

ಉಳಿದದ್ದು ಸಮಯದ ಮಾತು. ಉಪಕೇಂದ್ರಗಳಿಗೆ ಈಗಾಗಲೇ ಹೊರಲಾರದಷ್ಟು ನಮೂನೆಗಳಿವೆ, ಇದೊಂದು ಹೊಸ ಹೊರೆ ಎಂದರೆ ಅಲ್ಲಗಳೆಯಲಾಗದು. ಬಯಲುಸೀಮೆಯಲ್ಲಿ 5,000, ಗುಡ್ಡಗಾಡಿನಲ್ಲಿ 3,000 ಜನಕ್ಕೊಂದು ಉಪಕೇಂದ್ರ ಎಂಬುದು ನಿಯಮ. ಅಲ್ಲಿ ಐದಕ್ಕಿಂತ ಹೆಚ್ಚು ಔಷಧ ನುಂಗುವವರು ನೂರು ಜನ ಇದ್ದಾರೆಂದೇ ಇಟ್ಟುಕೊಳ್ಳಿ. ಒಬ್ಬೊಬ್ಬರಿಗೆ ವರ್ಷಕ್ಕೆ ಎರಡು ಸಲ ಅರ್ಧ ಗಂಟೆ ಕೊಟ್ಟರೆ ನೂರು ಗಂಟೆ, ವಾರಕ್ಕೆ ಸರಿಸುಮಾರು ಎರಡು ಗಂಟೆ. ಆ ಎರಡು ಸರದಿಗಳನ್ನು ಯಾವಾಗ ಇಡಬೇಕೆಂಬುದನ್ನು ರಾಜಧಾನಿಯಲ್ಲಿ ನಿರ್ಧರಿಸಬೇಕಿಲ್ಲ. ಒಂದು, ಬೇಸಿಗೆಯ ಬಿಸಿಲು ಏರುವ ಮುನ್ನ ಫೆಬ್ರವರಿಯಲ್ಲಿ, ಮೈಯ ನೀರು ಇಳಿದು ಕಿಡ್ನಿ ಬಳಲುವ ಮೊದಲು. ಇನ್ನೊಂದು, ಜೂನ್ ಕೊನೆಯೊಳಗೆ, ನಾಟಿ ಶುರುವಾಗಿ ಸೂಜಿಗೆ ಸಾಲು ಹತ್ತುವ ಮೊದಲು.